ಬಾಯಿ ತೆರೆದ ಆ ದೊಡ್ಡ ಶಾರ್ಕ್ ಯಾವುದು?

ವಾಟ್ಸಾಪ್‌ನಲ್ಲಿ ನನಗೆ ಆಗಾಗ ಒಂದು ವಿಡಿಯೊ ಬರುತ್ತದೆ. ಬಸ್ಸಿನಷ್ಟು ದೊಡ್ಡ ಮೀನು, ಗುಹೆಯಂಥ ಬಾಯಿ ತೆರೆದುಕೊಂಡು ಬರುತ್ತಿರುತ್ತದೆ. ಜೊತೆಗೊಂದು ಪ್ರಶ್ನೆ: "ಇದು ವೇಲ್ ಶಾರ್ಕ್ ಅಲ್ವಾ? ಮನುಷ್ಯರನ್ನು ನುಂಗುತ್ತಾ?"

ನುಂಗುವುದಿಲ್ಲ. ಅದು ವೇಲ್ ಶಾರ್ಕೂ ಅಲ್ಲ, ಬಾಸ್ಕಿಂಗ್ ಶಾರ್ಕ್. ಮೀನುಗಳಲ್ಲೇ ಎಲ್ಲಕ್ಕಿಂತ ದೊಡ್ಡದು ವೇಲ್ ಶಾರ್ಕ್, ಅದರ ನಂತರದ್ದು ಬಾಸ್ಕಿಂಗ್. ಎರಡೂ ನೀರಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತವೆ. ಹಾಗಾಗಿ ಗೊಂದಲ ಸಹಜ.

ಮೊದಲು ಬೆನ್ನು ನೋಡಿ. ವೇಲ್ ಶಾರ್ಕಿನ ಬೆನ್ನ ಮೇಲೆ ರಂಗೋಲಿಗೆ ಇಟ್ಟ ಹಾಗೆ ಬಿಳಿ ಚುಕ್ಕಿಗಳು. ಒಂದರ ಚುಕ್ಕಿ ಇನ್ನೊಂದಕ್ಕಿಲ್ಲ. ಆಕಾಶದ ನಕ್ಷತ್ರಗಳನ್ನು ಹೋಲಿಸಿ ಗುರುತಿಸಲು ಮಾಡಿದ್ದ ಲೆಕ್ಕದ ವಿಧಾನವನ್ನೇ ಬಳಸಿ, ಫೋಟೊದಿಂದ ಒಂದೊಂದು ಮೀನನ್ನೂ ಗುರುತು ಹಿಡಿಯುತ್ತಾರೆ. ನನಗಂತೂ ಇದು ತುಂಬಾ ಇಷ್ಟವಾದ ಸಂಗತಿ. ಬಾಸ್ಕಿಂಗ್ ಶಾರ್ಕಿಗೆ ಈ ಚುಕ್ಕಿಗಳಿಲ್ಲ, ಮಾಸಲು ಕಂದು ಮೈ. ಮೂತಿ ಚೂಪು, ಬಾಯಿ ಅದರ ಕೆಳಗೆ. ಕಿವಿರಿನ ಸೀಳುಗಳು ಕತ್ತಿನ ಸುತ್ತ ಹೆಚ್ಚುಕಮ್ಮಿ ಪೂರ್ತಿ ಬಳಸಿರುತ್ತವೆ.

ತಿನ್ನುವ ರೀತಿಯೂ ಬೇರೆ. ಬಾಸ್ಕಿಂಗ್ ಬಾಯಿ ತೆರೆದು ಸುಮ್ನೆ ಈಜುತ್ತಾ ಹೋಗುತ್ತದೆ, ನೀರು ತಾನಾಗಿ ಒಳಗೆ ನುಗ್ಗಿ ಕಿವಿರಿನಿಂದ ಹೊರಗೆ ಬರುತ್ತದೆ. ವೇಲ್ ಶಾರ್ಕಿಗೆ ಎಳೆದುಕೊಳ್ಳುವ ಶಕ್ತಿಯೂ ಇದೆ. ಕೆಲವು ಸಲ ನೀರಲ್ಲಿ ನೆಟ್ಟಗೆ ನಿಂತು ಗುಟುಕು ಗುಟುಕಾಗಿ ಹೀರುತ್ತದೆ. ವಂಶ ನೋಡಿದರೆ ಬಾಸ್ಕಿಂಗ್‌ಗೆ ಹತ್ತಿರದ ನಂಟು ಬೇಟೆಗೆ ಹೆಸರಾದ ಗ್ರೇಟ್ ವೈಟ್ ಶಾರ್ಕ್! ಬಾಸ್ಕಿಂಗ್ ವಾಸ ತಂಪು ಕಡಲಿನಲ್ಲಿ. ವೇಲ್ ಶಾರ್ಕ್ ಬೆಚ್ಚಗಿನ ನೀರಿನದು, ನಮ್ಮ ಅರಬ್ಬಿ ಸಮುದ್ರದಲ್ಲೂ ಇದೆ.

"ಯಾವುದು ಜಾಸ್ತಿ ಅಪಾಯದಲ್ಲಿದೆ?" ಅಂತಲೂ ಕೇಳುತ್ತಾರೆ. ಅಪಾಯದಲ್ಲಿರುವ ಜೀವಿಗಳನ್ನು ದಾಖಲಿಸುವ ಐಯುಸಿಎನ್ ಎಂಬ ಜಾಗತಿಕ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಎರಡೂ ಅಳಿವಿನಂಚಿನಲ್ಲೇ ಇವೆ. ಎರಡೂ ನಿಧಾನ, ಆಗಾಗ ಮೇಲ್ನೀರಿನಲ್ಲಿ ಓಡಾಟ, ಯಾರಿಗೂ ತೊಂದರೆ ಕೊಡುವುದಿಲ್ಲ. ಕೊಲ್ಲುವವರಿಗೆ ಅದೇ ಅನುಕೂಲವಾಯಿತು. ಐರ್ಲೆಂಡಿನ ಅಕಿಲ್ ದ್ವೀಪದಲ್ಲಿ ಲಿವರ್ ಎಣ್ಣೆಗಾಗಿ 1947ರಿಂದ 1975ರವರೆಗೆ ಸುಮಾರು 12,000 ಬಾಸ್ಕಿಂಗ್ ಶಾರ್ಕ್‌ಗಳನ್ನು ಕೊಂದರು. ಕೆನಡಾದ ಪಶ್ಚಿಮ ಕರಾವಳಿಯ ಕಥೆ ಓದಿದಾಗ ನನಗೆ ಹೊಟ್ಟೆ ತೊಳೆಸಿತು. ಅಲ್ಲಿ ಈ ಶಾರ್ಕ್‌ಗಳು ಮೀನುಗಾರರ ಬಲೆ ಹರಿಯುತ್ತವೆ ಅಂತ 1955ರಲ್ಲಿ ಸರ್ಕಾರಿ ದೋಣಿಯ ಮೂತಿಗೇ ಹರಿತವಾದ ಅಲಗು ಕಟ್ಟಿ, ಮೇಲೆ ತೇಲುತ್ತಿದ್ದವನ್ನು ಇಬ್ಭಾಗ ಮಾಡಿದರು. ಈಗ ಆ ಕಡಲಲ್ಲಿ ಅವು ಕಾಣುವುದೇ ಅಪರೂಪ.

ಗುಜರಾತಿನಲ್ಲೂ ವೇಲ್ ಶಾರ್ಕಿಗೆ ಹೀಗೇ ಆಗುತ್ತಿತ್ತು. ಕೊಕ್ಕೆ ಚುಚ್ಚಿ, ಹಗ್ಗಕ್ಕೆ ಬ್ಯಾರಲ್ ಕಟ್ಟಿ ದಣಿಸುತ್ತಿದ್ದರು. ಮೀನಿನ ಹೆಸರೇ ಬ್ಯಾರಲ್ ಆಗಿಹೋಗಿತ್ತು. 2001ರಲ್ಲಿ ಇವನ್ನು ಕೊಲ್ಲಬಾರದೆಂದು ಕಾನೂನು ಬಂತು. ಆದರೆ ಜನರ ಮನಸ್ಸಿಗೆ ಹತ್ತಿದ್ದು ರಾಮಕಥೆ ಹೇಳುವ ಮೊರಾರಿ ಬಾಪು ಆಡಿದ ಮಾತು: ಇವಳು ಹೆರಿಗೆಗೆ ತವರಿಗೆ ಬರುವ ಮಗಳು. ಬಾಣಂತನಕ್ಕೆ ಬಂದ ಮಗಳ ಮೇಲೆ ಯಾರು ಕೈ ಮಾಡುತ್ತಾರೆ? ಮೀನಿಗೆ 'ವ್ಹಾಲಿ', ಅಂದರೆ ಮುದ್ದಿನವಳು, ಅಂತ ಹೆಸರಾಯಿತು. ಈಗ ಬಲೆಗೆ ಸಿಕ್ಕರೆ ವೆರಾವಳದ ಮೀನುಗಾರರು ತಮ್ಮ ಬಲೆಯನ್ನೇ ಕತ್ತರಿಸುತ್ತಾರೆ. ಅರಣ್ಯ ಇಲಾಖೆ ಬಲೆಗೆ ಪರಿಹಾರ ಕೊಡುತ್ತದೆ. ಹೀಗೆ ನೂರಾರು ಮೀನುಗಳು ಮತ್ತೆ ಕಡಲು ಸೇರಿವೆ.