ಕಾಣದವನ ಮುತ್ತು

ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಮ್‌ನಲ್ಲಿ 'ದಾರು' ಎಂಬ ಹೆಸರಿನ ಮೆಟ್ಟಿಲು ಹತ್ತುವಷ್ಟರಲ್ಲಿ ಅಮ್ಮನ ಮಂಡಿ ನೋಯತೊಡಗಿತ್ತು. ರೆಕ್ಕೆಯ ವಿಜಯದೇವಿಯ ಗ್ರೀಕ್ ಶಿಲ್ಪವನ್ನು ನೋಡಿ ಮುಂದೆ ಬಂದರೆ ಕೆಂಪು ಗೋಡೆಯ ದೊಡ್ಡ ಹಜಾರ. ಜನರೆಲ್ಲ ಮೊನಾಲಿಸಾ ಕಡೆ ಓಡುತ್ತಿದ್ದರು. "ನೀನು ಹೋಗಿ ಬಾ, ನಾನು ಸ್ವಲ್ಪ ಕೂತಿರ್ತೀನಿ" ಅಂದಳು ಅಮ್ಮ. ಅವಳನ್ನು ಬಿಟ್ಟು ಹೋಗೋಕೆ ಮನಸ್ಸಾಗಲಿಲ್ಲ. ಪಕ್ಕದಲ್ಲೇ ಕೂತೆ.

ಹಾಗೆ ಕೂತಿದ್ದರಿಂದಲೇ ಆ ಚಿತ್ರ ಸಿಕ್ಕಿತು. ಫ್ರಾಂಸ್ವಾ ಜೆರಾರ್ 1798ರಲ್ಲಿ ಬರೆದ 'ಸೈಕಿ ಮತ್ತು ಕ್ಯುಪಿಡ್'. ಹತ್ತು ಮೀಟರ್ ಹತ್ತಿರ ಅಗಲದ ನೆಪೋಲಿಯನ್ ಪಟ್ಟಾಭಿಷೇಕದ ಚಿತ್ರದ ಮುಂದೆ ಇದು ಚಿಕ್ಕದು. 186 ಸೆಂಟಿಮೀಟರ್, ಒಂದಾಳೆತ್ತರ. ಪಟ್ಟಾಭಿಷೇಕ ಬರೆದ ದಾವೀದನೇ ಜೆರಾರ್‌ನ ಗುರು.

ಹುಡುಗಿ ಕೂತಿದ್ದಾಳೆ. ರೆಕ್ಕೆಯ ಹುಡುಗ ಬಾಗಿ ಅವಳ ಹಣೆಗೆ ಮುತ್ತಿಡುತ್ತಿದ್ದಾನೆ. ಹತ್ತಿರ ಹೋಗಿ ಹುಡುಕಿದೆ, ಕುಂಚದ ಗೆರೆ ಕಾಣಲಿಲ್ಲ. ಎಣ್ಣೆಬಣ್ಣ ಅಮೃತಶಿಲೆಯ ಹಾಗೆ ನುಣುಪು. ಸೊಂಟದ ಮೇಲಿನ ತೆಳು ಬಟ್ಟೆಯ ಒಳಗಿಂದ ಮೈಬಣ್ಣ ತೋರುತ್ತದೆ.

"ಇವಳ್ಯಾಕೆ ಅವನ ಕಡೆ ನೋಡ್ತಾನೇ ಇಲ್ಲ?" ಅಂದಳು ಅಮ್ಮ.

ನಾನು ಅದನ್ನು ಗಮನಿಸಿರಲೇ ಇಲ್ಲ. ಅವಳ ಕಣ್ಣು ನೇರ ನಮ್ಮ ಕಡೆ ಇದೆ, ಆದರೆ ಯಾರನ್ನೂ ನೋಡುತ್ತಿಲ್ಲ. ಕೈಗಳನ್ನು ಎದೆಯ ಹತ್ತಿರ ಅಡ್ಡ ಹಿಡಿದಿದ್ದಾಳೆ, ತಟ್ಟನೆ ತಂಗಾಳಿ ಬೀಸಿದಾಗ ನಾವು ಹಿಡಿಯುತ್ತೇವಲ್ಲ, ಹಾಗೆ. ಅವನು ಅವಳಿಗೆ ಕಾಣಿಸುವುದೇ ಇಲ್ಲ! ಇದು ಅವಳ ಮೊದಲ ಮುತ್ತು. ಯಾರು ಕೊಟ್ಟರೆಂದು ತಿಳಿಯದೆ ಬೆಚ್ಚಿದ್ದಾಳೆ.

ಅಮ್ಮನಿಗೆ ಕಥೆ ಹೇಳಿದೆ. ಎರಡನೇ ಶತಮಾನದ ರೋಮನ್ ಲೇಖಕ ಅಪುಲಿಯಸ್ ಬರೆದದ್ದು. ಸೈಕಿ ರಾಜನ ಕಿರಿಮಗಳು. ಅವಳ ಚೆಲುವಿಗೆ ವೀನಸ್ ದೇವತೆಗೆ ಹೊಟ್ಟೆಕಿಚ್ಚು. ಶಿಕ್ಷಿಸು ಎಂದು ತನ್ನ ಮಗ, ಪ್ರೇಮದೇವ ಕ್ಯುಪಿಡ್‌ನನ್ನು ಕಳಿಸಿದರೆ ಅವನೇ ಮನಸೋತ. ಕತ್ತಲಲ್ಲಿ ಮಾತ್ರ ಬರುತ್ತಿದ್ದ, ಮುಖ ನೋಡಬೇಡ ಅನ್ನುತ್ತಿದ್ದ. ಅಕ್ಕಂದಿರ ಮಾತು ಕೇಳಿ ಒಂದು ರಾತ್ರಿ ಅವಳು ದೀಪ ಹಿಡಿದಳು. ಬಿಸಿ ಎಣ್ಣೆಯ ಹನಿ ಅವನ ಭುಜಕ್ಕೆ ಬಿತ್ತು. ಎದ್ದು ಹಾರಿಹೋದ.

"ನಮ್ಮ ಮನ್ಮಥನಿಗೂ ಮೈಯಿಲ್ಲ, ಅಲ್ವಾ?" ಅಂದಳು ಅಮ್ಮ. "ಅನಂಗ. ಶಿವ ಸುಟ್ಟ ಮೇಲೆ ರತಿಯೊಬ್ಬಳಿಗೇ ಕಾಣೋದು."

ಆ ಹೆಸರು ನನಗೆ ಹೊಳೆದೇ ಇರಲಿಲ್ಲ. ಮತ್ತೆ ನೋಡಿದೆ. ಸೈಕಿಯ ತಲೆಯ ಮೇಲೆ ಒಂದು ಪುಟ್ಟ ಚಿಟ್ಟೆ ಹಾರುತ್ತಿತ್ತು. ಗ್ರೀಕ್ ಭಾಷೆಯಲ್ಲಿ 'ಸೈಕಿ' ಅಂದರೆ ಆತ್ಮ. ಚಿಟ್ಟೆಗೂ ಅದೇ ಮಾತು. ಈ ಚಿತ್ರ ಜಾಸ್ತಿ ನುಣುಪು, ಜೀವವಿಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಬೆಚ್ಚಿದ ಕಣ್ಣಿನಲ್ಲಿ ಜೀವ ಇದೆ.

ಅಮ್ಮನ ಮಂಡಿ ಸುಧಾರಿಸಿತ್ತು. ಕೆಳಗಿನ ಅಂತಸ್ತಿಗೆ ಇಳಿದೆವು. ಅಲ್ಲಿ ಇದೇ ಜೋಡಿಯ ಅಮೃತಶಿಲೆಯ ಶಿಲ್ಪವಿದೆ, ಇಟಲಿಯ ಕನೋವಾ ಕೆತ್ತಿದ್ದು. ಕಥೆಯಲ್ಲಿ ಅದು ಎಷ್ಟೋ ದಿನದ ನಂತರದ ಗಳಿಗೆ. ಮಾಯದ ಭರಣಿ ತೆರೆದು ನಿದ್ದೆಗೆ ಬಿದ್ದ ಸೈಕಿಯನ್ನು ಅವನು ಎಬ್ಬಿಸುತ್ತಿದ್ದಾನೆ. ಅವಳು ತೋಳೆತ್ತಿ ಅವನ ತಲೆ ಬಳಸಿದ್ದಾಳೆ.

ಅಮ್ಮ ನಿಧಾನಕ್ಕೆ ಒಂದು ಸುತ್ತು ಬಂದಳು. ಸೈಕಿಯ ಮುಖ ಕಾಣುವ ಕಡೆ ನಿಂತು ನನ್ನ ಕೈ ಹಿಡಿದಳು.

"ಇಲ್ಲಿ ಅವನನ್ನ ನೋಡ್ತಿದ್ದಾಳೆ, ನೋಡು."