ಜಾರಿದ ನೆಲ, ಜಾರುವ ಮಿದುಳು

ಬಾಸ್ಟನ್ನಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ ಕಳೆದ ತಿಂಗಳು ಮಿದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಯಾಯಿತು. ನೋಡಲು ಹೋದಾಗ ಅವರ ಹತ್ತು ವರ್ಷದ ಮೊಮ್ಮಗಳು, "ತಲೆ ತೆರೆದ ಮೇಲೆ ಅಜ್ಜಿಯ ಮಿದುಳು ಜಾರಿತಂತೆ, ಹಳೆಯ ಚಿತ್ರ ಸುಳ್ಳಾಯಿತಂತೆ, ಅದಕ್ಕೇ ನಡುವೆ ಇನ್ನೊಂದು ತೆಗೆದರಂತೆ" ಎಂದಳು.

ಮಗು ಹೇಳಿದ್ದು ನಿಜ. ಬುರುಡೆಯನ್ನೂ ಅದರೊಳಗಿನ ಪೊರೆಯನ್ನೂ ತೆರೆದೊಡನೆ ಮಿದುಳಿನ ಸುತ್ತಲಿನ ದ್ರವ ಹರಿದುಹೋಗುತ್ತದೆ, ಗಡ್ಡೆ ತೆಗೆದಂತೆ ಉಳಿದ ಭಾಗ ಕುಸಿಯುತ್ತದೆ. ಕೆಲವೊಮ್ಮೆ ಒಂದು ಸೆಂಟಿಮೀಟರಿಗೂ ಹೆಚ್ಚು ಸರಿಯುವುದುಂಟು. ಆಗ ಮೊದಲೇ ತೆಗೆದ ಎಂಆರ್‌ಐ ಚಿತ್ರವನ್ನು ನಂಬಿ ವೈದ್ಯರಿಗೆ ದಾರಿ ತೋರುವ ಯಂತ್ರ ತಪ್ಪು ಜಾಗ ತೋರಿಸಬಹುದು. ಇದನ್ನು ನೀಗಿಸಲು ಇದೇ ಊರಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ ಫೆರೆಂಕ್ ಯೋಲೆಸ್ ಅವರ ತಂಡವು 1994ರಲ್ಲಿ, ವೈದ್ಯರು ಎರಡು ಉಂಗುರಗಳ ನಡುವೆ ನಿಂತು ಶಸ್ತ್ರಚಿಕಿತ್ಸೆ ಮಾಡುತ್ತಲೇ ಹೊಸ ಚಿತ್ರ ತೆಗೆಯಬಹುದಾದ ಎಂಆರ್‌ಐ ಯಂತ್ರವನ್ನು ಅಳವಡಿಸಿತು.

ಆ ಹುಡುಗಿಯ ಮಾತು ಕೇಳಿದಾಗ ನನಗೆ ನೆನಪಾದದ್ದು 2018ರ ಆಗಸ್ಟ್. ಕೊಡಗಿನ ಮಕ್ಕಂದೂರಿನ ಕಡೆ ಗುಡ್ಡಗಳು ಜಾರಿದ ಮೇಲೆ ನಮ್ಮ ಚಿಕ್ಕಪ್ಪ ತೋಟದ ಸರ್ವೆ ನಕ್ಷೆ ಹಿಡಿದು ಬಾಂದುಕಲ್ಲು ಹುಡುಕುತ್ತಾ ಕೆಸರಿನಲ್ಲಿ ನಿಂತಿದ್ದರು. ನಕ್ಷೆಯಲ್ಲಿ ಎಲ್ಲವೂ ಇತ್ತು. ಕಾಫಿ ಗಿಡಗಳ ಸಾಲು ಮಾತ್ರ ತೋಡಿನ ಆಚೆ ದಡಕ್ಕೆ ಹೋಗಿ ಬಿದ್ದಿತ್ತು.

ಮರುವರ್ಷ ಮೆಣಸು ಕೊಯ್ಯುವಾಗ ಅದೇ ಚಿಕ್ಕಪ್ಪ ಏಣಿಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಬೆಳಿಗ್ಗೆ ಹತ್ತಕ್ಕೆ ತೆಗೆದ ಸ್ಕ್ಯಾನ್ ಫಿಲ್ಮನ್ನು ಮಡಿಲಲ್ಲಿಟ್ಟುಕೊಂಡು ಚಿಕ್ಕಮ್ಮ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಸುಮಾರು 120 ಕಿಲೋಮೀಟರ್ ದೂರದ ಮೈಸೂರು ಸೇರುವಾಗ ಮಧ್ಯಾಹ್ನ ಮೂರಾಗಿತ್ತು. ಅಲ್ಲಿನ ವೈದ್ಯರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಕೆಳಗಿಟ್ಟು, ಹೊಸದು ಬೇಕೆಂದರು. ಹೊಸ ಚಿತ್ರದಲ್ಲಿ ರಕ್ತ ಇನ್ನಷ್ಟು ಹರಡಿತ್ತು. ಚಿಕ್ಕಪ್ಪ ಉಳಿದರು, ಆದರೆ ಎಡಗೈಯ ಬಲ ಮರಳಲಿಲ್ಲ.

ಅದೇ ವರ್ಷದ ಜೂನ್‌ನಲ್ಲಿ ಕೊಡಗಿನವರು ಜಿಲ್ಲೆಗೊಂದು ಸುಸಜ್ಜಿತ ತುರ್ತು ಆಸ್ಪತ್ರೆ ಬೇಕೆಂದು ಜಾಲತಾಣಗಳಲ್ಲಿ ದನಿಯೆತ್ತಿದಾಗ ನಾನೂ ಬರೆದಿದ್ದೆ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲೇ ಎಂಆರ್‌ಐ ಬೇಕೆಂದು ನಾವು ಕೇಳಿರಲಿಲ್ಲ. ಪೆಟ್ಟು ಬಿದ್ದ ತಲೆಯನ್ನು ಘಾಟಿಯ ತಿರುವುಗಳಲ್ಲಿ ಸಾಗಿಸದೆ ಅಲ್ಲಿಯೇ ನೋಡಿ ಅಲ್ಲಿಯೇ ಗುಣಪಡಿಸುವ ವ್ಯವಸ್ಥೆಯನ್ನು ಕೇಳಿದ್ದೆವು. ಇಂದಿಗೂ ನನ್ನ ಬೇಡಿಕೆ ಅದೇ.

ಆ ಎರಡೂ ಫಿಲ್ಮುಗಳನ್ನು ಚಿಕ್ಕಮ್ಮ ಎಸೆದಿಲ್ಲ. ತೋಟದ ಹಳೆಯ ಸರ್ವೆ ನಕ್ಷೆಯ ಜೊತೆಗೆ ಅವು ಬೀರುವಿನಲ್ಲಿವೆ.