ಹಾರಲೊಲ್ಲದ ನೀಲಿ ಪಟ್ಟೆಯ ಗಂಡು

ಮಳೆಗಾಲ ಮುಗಿದ ಮೇಲೆ ಕಾರವಾರದಲ್ಲಿ ರೇಸಿಂಗ್ ಪಾರಿವಾಳ ಸಾಕುವವನಿಗೆ ಎದುರಾಗುವ ಮೊದಲ ಕಷ್ಟವೆಂದರೆ, ನಾಲ್ಕು ತಿಂಗಳು ಗೂಡಿನೊಳಗೇ ಕೂತು ಮೈ ಬೆಳೆಸಿಕೊಂಡ ಹಕ್ಕಿಗಳನ್ನು ಮತ್ತೆ ಆಕಾಶಕ್ಕೆ ಏರಿಸುವುದು. ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಕ್ಕಿಗಳನ್ನು ಹೊರಗೆ ಬಿಡಲು ಸಿಗುವ ಹೊಳವು ತೀರ ಕಡಿಮೆ. ಅವು ಗರಿ ಉದುರಿಸುವುದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ರೆಕ್ಕೆಯ ಹತ್ತು ದೊಡ್ಡ ಗರಿಗಳು ಒಳಗಿನಿಂದ ಹೊರಕ್ಕೆ ಒಂದೊಂದಾಗಿ ಬಿದ್ದು ಹೊಸದಾಗಿ ಬೆಳೆಯಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಅವುಗಳನ್ನು ಒತ್ತಾಯದಿಂದ ಹಾರಿಸುವುದರಲ್ಲಿ ಅರ್ಥವೂ ಇಲ್ಲ. ಆದರೆ ನವೆಂಬರ್ ಮುಗಿಯುತ್ತ ಬಂದು, ಗರಿಗಳೆಲ್ಲ ತುಂಬಿ, ಆಕಾಶ ತಿಳಿಯಾದ ಮೇಲೂ ಕೋಡಿಬಾಗದ ನಮ್ಮ ತಾರಸಿಯ ಹಕ್ಕಿಗಳು ಬಾಗಿಲು ತೆರೆದರೆ ಎರಡು ಸುತ್ತು ಹೊಡೆದು ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಸಾಲಾಗಿ ಕೂತುಬಿಡುತ್ತಿದ್ದವು. ಈ ಸಾಲಿನಲ್ಲಿ ಎಲ್ಲಕ್ಕಿಂತ ಮೊದಲು ಹೋಗಿ ಕೂರುತ್ತಿದ್ದದ್ದು ನೀಲಿ ಪಟ್ಟೆಯ ಒಂದು ಗಂಡು. ಒಳ್ಳೆಯ ತಳಿ, ಅಗಲವಾದ ಎದೆ, ರೇಷ್ಮೆಯಂಥ ಗರಿ. ಹಾರುವುದೊಂದನ್ನು ಬಿಟ್ಟು ಉಳಿದೆಲ್ಲವೂ ಅದಕ್ಕಿತ್ತು.

ಇಂಥ ಹಕ್ಕಿಗಳನ್ನು ಮೇಲೆಬ್ಬಿಸಲು ನಮ್ಮಲ್ಲಿ ರೂಢಿಯಲ್ಲಿರುವ ಉಪಾಯ ಬಿದಿರಿನ ಗಳಕ್ಕೆ ಕಪ್ಪು ಬಟ್ಟೆ ಕಟ್ಟಿ ಬೀಸುವುದು. ಅದಕ್ಕೂ ಬಗ್ಗದಿದ್ದರೆ ಪಟಾಕಿ. ಬೆಂಗಳೂರಿನಲ್ಲಿ ಬಹಳ ವರ್ಷ ರೇಸ್ ಹಾರಿಸಿ, ನಿವೃತ್ತಿಯ ನಂತರ ಸದಾಶಿವಗಡದಲ್ಲಿ ನೆಲೆಸಿದ ಹಿರಿಯರೊಬ್ಬರಿಗೆ ಈ ಎರಡನ್ನೂ ಕಂಡರಾಗದು. ಬಾವುಟ ಕಂಡು ಹೆದರಿದ ಹಕ್ಕಿ ಮೇಲೇನೋ ಇರುತ್ತದೆ, ಆದರೆ ಅದೇ ಹೆದರಿಕೆಯಿಂದಾಗಿ ರೇಸ್ ದಿನವೂ ಇಳಿಯಲು ಹಿಂಜರಿಯುತ್ತದೆ ಎಂಬುದು ಅವರ ವಾದ. ರೇಸ್‌ನಲ್ಲಿ ಲೆಕ್ಕಕ್ಕೆ ಬರುವುದು ಹಕ್ಕಿ ಮನೆಯ ಮೇಲೆ ಕಾಣಿಸಿಕೊಂಡ ಹೊತ್ತಲ್ಲ, ಟ್ರ್ಯಾಪ್, ಅಂದರೆ ಒಳಕ್ಕೆ ಮಾತ್ರ ತೆರೆಯುವ ಸರಳುಗಳ ಬಾಗಿಲು, ದಾಟಿ ಒಳಬಂದು ಕಾಲಿನ ರಿಂಗ್ ದಾಖಲಾದ ಹೊತ್ತು. ಮುನ್ನೂರು ಕಿಲೋಮೀಟರ್ ಚೆನ್ನಾಗಿ ಹಾರಿ ಬಂದು ಸೂರಿನ ಮೇಲೆ ಹತ್ತು ನಿಮಿಷ ಕೂತ ಹಕ್ಕಿ ಸೋತ ಹಕ್ಕಿಯೇ.

ಅವರು ನಮ್ಮ ತಾರಸಿಗೆ ಬಂದ ದಿನ ಆಕಾಶದ ಕಡೆ ನೋಡಲೇ ಇಲ್ಲ. ಮೊದಲು ನೋಡಿದ್ದು ಹಲಗೆಯ ಮೇಲಿನ ಹಿಕ್ಕೆಯನ್ನು. ಗಟ್ಟಿಯಾಗಿ, ಕಂದು ಬಣ್ಣದ್ದಾಗಿ, ಮೇಲೊಂದು ಬಿಳಿಯ ಟೊಪ್ಪಿಗೆಯಿರುವ ಹಿಕ್ಕೆ ಆರೋಗ್ಯದ ಗುರುತು. ಹಸಿರಾಗಿ ನೀರಾಗಿದ್ದರೆ ವ್ಯಾಯಾಮದ ಮಾತೇ ಬೇಡ ಎಂದರು. ಆಮೇಲೆ ನೀಲಿ ಪಟ್ಟೆಯ ಗಂಡನ್ನು ಹಿಡಿದು ಬಾಯಿ ತೆರೆಸಿ, ಗಂಟಲಲ್ಲಿ ಹಳದಿ ಕಲೆಯಾಗಲಿ ಎಳೆಎಳೆಯಾದ ಲೋಳೆಯಾಗಲಿ ಇಲ್ಲವೆಂದು ಖಚಿತಪಡಿಸಿಕೊಂಡರು. ಕರಾವಳಿಯ ಈ ತೇವದಲ್ಲಿ ಪಾರಿವಾಳಕ್ಕೆ ಉಸಿರಾಟದ ಕಾಯಿಲೆ ಬೇಗ ಅಂಟುತ್ತದೆ; ಜೋಳಕ್ಕೆ ಬೂಷ್ಟು ಹಿಡಿದರಂತೂ ಹಿಡಿದದ್ದು ಕಣ್ಣಿಗೆ ಬೀಳುವ ಮೊದಲೇ ಹಕ್ಕಿಗೆ ತಿಳಿದಿರುತ್ತದೆ. ಹಾರಲೊಲ್ಲದ ಹಕ್ಕಿ ಸೋಮಾರಿ ಎಂದು ತೀರ್ಮಾನಿಸುವ ಮುನ್ನ ಅದು ರೋಗಿಯಲ್ಲವೆಂದು ತಿಳಿಯಬೇಕು, ಅದು ಮೊದಲ ಕೆಲಸ. ಡೇಗೆಯ ದಾಳಿಗೆ ಸಿಕ್ಕಿ ಪಾರಾದ ಹಕ್ಕಿಯೂ ಕೆಲವು ದಿನ ಹೊರಗೆ ಬರಲು ಒಪ್ಪುವುದಿಲ್ಲ, ಚಳಿಗಾಲದಲ್ಲಿ ನಮ್ಮ ಕಡೆ ಇದು ಅಪರೂಪವೂ ಅಲ್ಲ. ನಮ್ಮ ಗಂಡಿಗೆ ಇದಾವುದೂ ಆಗಿರಲಿಲ್ಲ. ಅವರು ಅದರ ಎದೆಮೂಳೆಯ ಮೇಲೆ ಬೆರಳಾಡಿಸಿ ನನ್ನ ಕೈಯನ್ನೂ ಅಲ್ಲಿಡಿಸಿದರು: ಮೂಳೆಯ ಅಂಚು ಕೈಗೆ ಸಿಗಲೇ ಇಲ್ಲ, ಅಷ್ಟು ಕೊಬ್ಬು.

ಆದ್ದರಿಂದ ಮೊದಲು ಬದಲಾದದ್ದು ಕಾಳು. ಪಾರಿವಾಳವೊಂದಕ್ಕೆ ದಿನಕ್ಕೆ ಸುಮಾರು 30 ಗ್ರಾಂ ಧಾನ್ಯ ಸಾಕಾಗುತ್ತದೆ. ಮೆಕ್ಕೆಜೋಳ, ಬಟಾಣಿ, ಕುಸುಬೆ, ಶೇಂಗಾ ಇವೆಲ್ಲ ದೂರದ ಹಾರಾಟಕ್ಕೆ ಬೇಕು, ಯಾಕೆಂದರೆ ಗಂಟೆಗಟ್ಟಲೆ ಹಾರುವಾಗ ಪಾರಿವಾಳದ ಎದೆಯ ಸ್ನಾಯು ಮುಖ್ಯವಾಗಿ ಉರಿಸುವುದು ಕೊಬ್ಬನ್ನು. ಆದರೆ ಹಾರದೆ ಕೂತ ಹಕ್ಕಿಗೆ ಅದನ್ನೇ ಬಡಿಸಿದರೆ ಕೊಬ್ಬು ಎದೆಯಲ್ಲೇ ಉಳಿಯುತ್ತದೆ. ಹಾಗಾಗಿ ಕಾಳಿನಲ್ಲಿ ಬಾರ್ಲಿಯ ಪಾಲು ಹೆಚ್ಚಿಸಿದೆವು. ಕಾರವಾರದ ಅಂಗಡಿಯಲ್ಲಿ ಬಾರ್ಲಿ ಕೇಳಿದರೆ ಮನೆಯಲ್ಲಿ ಯಾರಿಗೆ ಜ್ವರ ಎಂದು ವಿಚಾರಿಸುತ್ತಾರೆ. ಕಿಲೋಗಟ್ಟಲೆ ಕೇಳಿದಾಗ ಅಂಗಡಿಯವರ ಮುಖ ನೋಡಬೇಕಿತ್ತು. ಬಾರ್ಲಿಯ ಇನ್ನೊಂದು ಉಪಯೋಗವನ್ನೂ ಹಿರಿಯರೇ ಹೇಳಿಕೊಟ್ಟರು. ಪಾರಿವಾಳಕ್ಕೆ ಬಾರ್ಲಿ ಅಷ್ಟಾಗಿ ರುಚಿಸದು, ಬೇರೆಲ್ಲ ಮುಗಿಸಿ ಕೊನೆಗೆ ಅದನ್ನು ಮುಟ್ಟುತ್ತದೆ. ತೊಟ್ಟಿಯಲ್ಲಿ ಬಾರ್ಲಿ ಉಳಿಯತೊಡಗಿತೆಂದರೆ ಹೊಟ್ಟೆ ತುಂಬಿತೆಂದು ಅರ್ಥ, ತೊಟ್ಟಿಯನ್ನು ಎತ್ತಿಬಿಡಬೇಕು. ಜೊತೆಗೆ ಕಾಳಿ ನದಿಯ ಅಳಿವೆಯಲ್ಲಿ ಸಿಗುವ ಬೆಳಚಿನ ಚಿಪ್ಪನ್ನು ಕುಟ್ಟಿ ಒಂದು ಬಟ್ಟಲಲ್ಲಿ ಇಟ್ಟಿರುತ್ತೇವೆ. ಸುಣ್ಣದಂಶಕ್ಕೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ.

ಕಾಳು ಕೊಡುವ ಹೊತ್ತೂ ಬದಲಾಯಿತು. ಬೆಳಕು ಹರಿಯುತ್ತಲೇ ಖಾಲಿ ಹೊಟ್ಟೆಯಲ್ಲಿ ಹೊರಗೆ ಬಿಡುವುದು, ಇಳಿದು ಒಳಗೆ ಬಂದ ತಕ್ಷಣ ಡಬ್ಬಿ ಅಲುಗಿಸಿ ಕಾಳು ಹಾಕುವುದು, ತಡವಾಗಿ ಬಂದವಕ್ಕೆ ಉಳಿದದ್ದಷ್ಟೇ. ಇದನ್ನು ಉಪವಾಸ ಕೆಡವುವುದೆಂದು ತಿಳಿಯುವವರಿದ್ದಾರೆ, ನಿಜವಾಗಿ ಉಪವಾಸ ಕೆಡವುವವರೂ ಇದ್ದಾರೆ. ನನಗೆ ಅದು ಸರಿಕಾಣದು. ಹಸಿದು ಬಳಲಿದ ಹಕ್ಕಿ ಹಾರುವುದಿಲ್ಲ, ಗದ್ದೆಗಿಳಿದು ಹೆಕ್ಕಲು ಕಲಿಯುತ್ತದೆ, ಅಲ್ಲಿ ಬೆಕ್ಕಿಗೋ ಕೀಟನಾಶಕಕ್ಕೋ ಬಲಿಯಾಗುತ್ತದೆ. ಗಂಡು ಹೆಣ್ಣುಗಳನ್ನು ಒಟ್ಟಿಗೆ ಬಿಡುವುದನ್ನೂ ನಿಲ್ಲಿಸಿ, ಬೆಳಿಗ್ಗೆ ಗಂಡು, ಸಂಜೆ ಹೆಣ್ಣು ಎಂದು ಪಾಳಿ ಮಾಡಿದೆವು. ಜೊತೆಯಾಗಿ ಬಿಟ್ಟರೆ ಗಂಡುಗಳು ಸೂರಿನ ಮೇಲೆ ಕತ್ತು ಉಬ್ಬಿಸಿಕೊಂಡು ಹೆಣ್ಣಿನ ಸುತ್ತ ತಿರುಗುವುದರಲ್ಲೇ ಬೆಳಗು ಕಳೆದುಬಿಡುತ್ತವೆ.

ಡಿಸೆಂಬರ್ ಕೊನೆಗೆ ಗುಂಪು ಮುಕ್ಕಾಲು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಯಾರೂ ಅಟ್ಟದೆ ಹಾರತೊಡಗಿತು. ಬೈತಕೋಲದ ಗುಡ್ಡದವರೆಗೆ ಹೋಗಿ ಕಣ್ಮರೆಯಾಗಿ ಮತ್ತೆ ಬರುವ ಈ ಓಟವೇ ಮೈಗಟ್ಟಿಯಾದ ಲಕ್ಷಣ. ಮನೆಯ ಮೇಲಷ್ಟೇ ಸುತ್ತುವ ಹಕ್ಕಿಗಳು ಕರ್ತವ್ಯಕ್ಕೆ ಹಾರುತ್ತಿರುತ್ತವೆ. ನೀಲಿ ಪಟ್ಟೆಯ ಗಂಡಿನ ಕೊಬ್ಬೂ ಕರಗಿ ಎದೆಮೂಳೆ ಕೈಗೆ ಸಿಗುತ್ತಿತ್ತು. ಆದರೂ ಅದು ಗುಂಪಿನ ಬಾಲದಲ್ಲೇ ಹಾರಿ, ಸಂದರ್ಭ ಸಿಕ್ಕಿದರೆ ಟ್ಯಾಂಕಿನ ಮೇಲೆ ಇಳಿಯುತ್ತಿತ್ತು. ಹಕ್ಕಿಗಳನ್ನು ದೂರ ಒಯ್ದು ಬಿಡುವ ಅಭ್ಯಾಸದ ಹಾರಾಟಕ್ಕೆ ಟಾಸ್ ಎನ್ನುತ್ತೇವೆ. ಅಂಕೋಲಾದ ಟಾಸ್‌ನಲ್ಲಿ, ನೇರದೂರ 25 ಕಿಲೋಮೀಟರ್ ಅಷ್ಟೇ, ಎಲ್ಲವೂ ಬಂದು ಕಾಳು ತಿಂದು ಮುಗಿದ ಮೇಲೆ ಬಂತು. ಇದನ್ನು ಸಾಕಿದ್ದೇ ದಂಡ ಎಂದು ನಾನು ಹೇಳಿದ್ದಕ್ಕೆ ಹಿರಿಯರು, ಅದಕ್ಕೆ ಮನೆಗೆ ಬರಲು ಅವಸರವೇನಿದೆ ಎಂದು ಕೇಳಿದರು. ಅದಕ್ಕೆ ಜೋಡಿಯಿರಲಿಲ್ಲ, ತನ್ನದೆನ್ನುವ ಗೂಡಿನ ಖಾನೆಯೂ ಇರಲಿಲ್ಲ. ಮೈಕಟ್ಟು ಬೇರೆ, ಬರಬೇಕೆಂಬ ಆಸೆ ಬೇರೆ. ಮೊದಲನೆಯದನ್ನು ಕಾಳಿನಿಂದ ತರಬಹುದು, ಎರಡನೆಯದು ಗೂಡಿನೊಳಗೆ ಇರಬೇಕು ಎಂದರು.

ಕೆಂಪು ಚೆಕ್ಕರ್, ಅಂದರೆ ರೆಕ್ಕೆಯ ಮೇಲೆ ಕೆಂಪು ಚೌಕಳಿ ಗುರುತುಗಳಿರುವ, ಒಂದು ಹೆಣ್ಣಿನ ಜೊತೆ ಅದನ್ನು ಜೋಡಿ ಮಾಡಿ ಮೂಲೆಯ ಖಾನೆ ಕೊಟ್ಟೆವು. ಪಾರಿವಾಳ ಎರಡು ಮೊಟ್ಟೆ ಇಡುತ್ತದೆ, ಕಾವು 17-18 ದಿನ. ಕಾವಿನ ಪಾಳಿಯೂ ಬಹುಮಟ್ಟಿಗೆ ನಿಗದಿಯಾದದ್ದು: ಸಂಜೆಯಿಂದ ಇಡೀ ರಾತ್ರಿ ಕಳೆದು ಮರುದಿನ ಬೆಳಿಗ್ಗೆಯವರೆಗೆ ಹೆಣ್ಣು, ಬೆಳಿಗ್ಗೆ ಒಂಬತ್ತು ಹತ್ತರಿಂದ ಸಂಜೆ ನಾಲ್ಕೈದರವರೆಗೆ ಗಂಡು. ಮರಿ ಹೊರಬರುವ ದಿನ ಹತ್ತಿರವಾದಂತೆ ತಂದೆತಾಯಿಗಳಿಬ್ಬರ ಅಂಟು ಬಿಗಿಯಾಗುತ್ತ ಹೋಗುತ್ತದೆ. ಅದನ್ನು ನೋಡಿಕೊಂಡೇ ಹೊನ್ನಾವರದ ಟಾಸ್‌ನ ದಿನ ಗೊತ್ತುಮಾಡಿದ್ದು.

ಜನವರಿಯ ಒಂದು ಭಾನುವಾರ ನಸುಕಿನಲ್ಲಿ ಗೆಳೆಯ ಬುಟ್ಟಿಗಳನ್ನು ಕಾರಿನಲ್ಲಿಟ್ಟುಕೊಂಡು ಹೊರಟ. ಗಂಡನ್ನು ಬುಟ್ಟಿಗೆ ಹಾಕುವ ಮುನ್ನ ಖಾನೆಯಲ್ಲಿ ಇಣುಕಿದರೆ, ಒಂದು ಮೊಟ್ಟೆಯ ಚಿಪ್ಪು ಸಾಸಿವೆ ಕಾಳಿನಷ್ಟು ಒಡೆದು ನಕ್ಷತ್ರದ ಹಾಗೆ ಬಿರುಕು ಬಿಟ್ಟಿತ್ತು. ಕಿವಿಯ ಹತ್ತಿರ ಹಿಡಿದಾಗ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು. ಹೆಣ್ಣು ನನ್ನ ಕೈಗೆ ರೆಕ್ಕೆಯಿಂದ ಬಾರಿಸಿ ಮೊಟ್ಟೆಯನ್ನು ಮತ್ತೆ ಹೊಟ್ಟೆಯಡಿಗೆ ಎಳೆದುಕೊಂಡಿತು. ಗಂಡು ಬುಟ್ಟಿಯಲ್ಲೂ ಸುಮ್ಮನಿರಲಿಲ್ಲ, ಕಂಬಿಗಳ ನಡುವೆ ತಲೆ ತೂರಿಸುತ್ತಲೇ ಇತ್ತು.

ರಸ್ತೆಯಲ್ಲಿ ಹೊನ್ನಾವರ 90 ಕಿಲೋಮೀಟರ್ ದೂರ. ಹಕ್ಕಿಯ ದಾರಿಯಲ್ಲಿ 70ಕ್ಕೂ ತುಸು ಕಡಿಮೆ. ಗಾಳಿಯ ಲೆಕ್ಕಾಚಾರದಲ್ಲಿ ಹೊತ್ತು ಮುಖ್ಯ. ಚಳಿಗಾಲದ ಬೆಳಿಗ್ಗೆ ಘಟ್ಟದ ಕಡೆಯಿಂದ ಕಡಲಿಗೆ ಗಾಳಿ ಬೀಸುತ್ತದೆ, ಅದು ವಾಯವ್ಯಕ್ಕೆ ಹಾರುವ ಹಕ್ಕಿಗೆ ಪಕ್ಕದ ಗಾಳಿ. ಹೊತ್ತೇರಿದ ಮೇಲೆ ಅದೇ ತಿರುಗಿ ಕಡಲಿನಿಂದ ಬೀಸತೊಡಗಿದರೆ ಮುಖಕ್ಕೇ ಹೊಡೆಯುತ್ತದೆ. ಆದ್ದರಿಂದ ಬೇಗ ಬಿಡುವುದು ನಮ್ಮ ಎಣಿಕೆಯಾಗಿತ್ತು. ಆದರೆ ಶರಾವತಿಯ ಮೇಲೆ ಕವಿದ ಮಂಜು ಕರಗುವವರೆಗೆ ಗೆಳೆಯ ಕಾದ, ಅದು ಸರಿಯೇ. ಪಾರಿವಾಳ ದಿಕ್ಕು ಹಿಡಿಯಲು ಸೂರ್ಯನನ್ನು ಬಳಸಿಕೊಳ್ಳುತ್ತದೆ. ಮಂಜಿನಲ್ಲಿ ಬಿಟ್ಟು ಹಕ್ಕಿ ಕಳೆದುಕೊಂಡವರು ಬಹಳ ಜನ. 8 ಗಂಟೆ 35 ನಿಮಿಷಕ್ಕೆ ಬಿಟ್ಟೆ ಎಂದು ಫೋನ್ ಬಂತು. ಬಿಟ್ಟ ಮೇಲೆ ಗುಂಪು ಸೇತುವೆಯ ಮೇಲೆ ಕೆಲವು ಸುತ್ತು ಹಾಕಿ ರೈಲುಹಳಿಯ ಗುಂಟ ಬಡಗಣಕ್ಕೆ ಹೋಯಿತೆಂದು ಹೇಳಿದ. ಪಾರಿವಾಳಗಳಿಗೆ ಜಿಪಿಎಸ್ ಕಟ್ಟಿ ರೋಮ್ ನಗರದ ಸುತ್ತ ನಡೆಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಗಿತ್ತು. ಪರಿಚಿತ ಪ್ರದೇಶದಲ್ಲಿ ಅವು ಹೆದ್ದಾರಿಗಳನ್ನು ಅನುಸರಿಸಿ ಹಾರುತ್ತವೆಂದು ಅದರಲ್ಲಿ ಕಂಡುಬಂತು. ನಮ್ಮ ಕರಾವಳಿಯಲ್ಲಿ ಹೆದ್ದಾರಿಯೂ ಕೊಂಕಣ ರೈಲೂ ಬಹುಪಾಲು ಜೊತೆಜೊತೆಯಾಗಿ ಸಾಗುವುದರಿಂದ ನಮ್ಮ ಹಕ್ಕಿಗಳಿಗೆ ಆಯ್ಕೆಯ ಕಷ್ಟವಿಲ್ಲ.

ಹಿರಿಯರು ಕುರ್ಚಿಯನ್ನು ಆಗ್ನೇಯಕ್ಕೆ ತಿರುಗಿಸಿಕೊಂಡು ಕೂತರು. ಹತ್ತು ಗಂಟೆಯ ಮೊದಲು ಏನೂ ಬರುವುದಿಲ್ಲ, ಚಹಾ ಕುಡಿ ಎಂದರು. ಬಂದರಿನ ಮೇಲೆ ಗರುಡಗಳು ಸುತ್ತುತ್ತಿದ್ದವು. ಮೀನಿನ ಆಸೆಗೆ ಬರುವ ಅವುಗಳಿಂದ ನಮಗೆ ಹೆಚ್ಚಿನ ತೊಂದರೆಯಿಲ್ಲ, ಆದರೆ ದೂರದಲ್ಲಿ ಒಂದು ಚುಕ್ಕಿ ಕಂಡಾಗಲೆಲ್ಲ ಎದೆ ಹಾರುವುದು ತಪ್ಪುವುದಿಲ್ಲ. 9 ಗಂಟೆ 50ಕ್ಕೆ ತೆಂಗಿನ ತೋಟದ ಮೇಲಿಂದ ಒಂದೇ ಒಂದು ಹಕ್ಕಿ ತೀರ ಕೆಳಗೆ, ರೆಕ್ಕೆಗಳನ್ನು ಅರ್ಧ ಮಡಚಿಕೊಂಡು ನೇರ ಬಂತು. ಟ್ಯಾಂಕಿನ ಪಕ್ಕದಲ್ಲೇ ಹಾದುಹೋದರೂ ಅತ್ತ ತಿರುಗಲಿಲ್ಲ. ಹಲಗೆಗೆ ಕಾಲು ತಾಗಿದ್ದೇ ತಡ ಟ್ರ್ಯಾಪ್‌ನ ಸರಳುಗಳನ್ನು ತಲೆಯಿಂದಲೇ ತಳ್ಳಿಕೊಂಡು ಒಳನುಗ್ಗಿತು. ನಾನು ಡಬ್ಬಿ ಅಲುಗಿಸಲು ಕೈಯೆತ್ತಿದ್ದು ಹಾಗೆಯೇ ಉಳಿಯಿತು.

ಒಳಗೆ ಹೋಗಿ ನೋಡಿದಾಗ ನೀಲಿ ಪಟ್ಟೆಯ ಗಂಡು ಕಾಳಿನ ತೊಟ್ಟಿಯನ್ನೂ ನೀರನ್ನೂ ದಾಟಿ ಖಾನೆಯೊಳಗೆ ಹೋಗಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತಲೇ ಹೆಣ್ಣನ್ನು ಭುಜದಿಂದ ಒತ್ತಿ ಎಬ್ಬಿಸಿ, ಬಟ್ಟಲಿನ ಸುತ್ತ ಒಮ್ಮೆ ತಿರುಗಿ, ಮೊಟ್ಟೆಗಳ ಮೇಲೆ ಹೊಟ್ಟೆ ಅಲ್ಲಾಡಿಸಿ ಕೂತಿತು. ಅದರ ಪಾಳಿಯ ಹೊತ್ತೂ ಸರಿಯಾಗಿ ಅದೇ ಆಗಿತ್ತು. ಲೆಕ್ಕ ಹಾಕಿದರೆ ನಿಮಿಷಕ್ಕೆ 900 ಮೀಟರಿಗಿಂತ ಸ್ವಲ್ಪ ಮೇಲೆ. ಗಾಳಿಯಿಲ್ಲದ ದಿನ ಒಳ್ಳೆಯ ಹಕ್ಕಿ ನಿಮಿಷಕ್ಕೆ 1100-1200 ಮೀಟರ್ ಹಾರುವುದುಂಟು, ಹಾಗಾಗಿ ಇದು ದಾಖಲೆಯೇನಲ್ಲ. ಆದರೆ ನಮ್ಮ ಉಳಿದ ಹಕ್ಕಿಗಳು ಗುಂಪಾಗಿ ಬಂದಾಗ ಗಡಿಯಾರ ಹತ್ತೂಕಾಲು ದಾಟಿತ್ತು, ಅವುಗಳಲ್ಲಿ ಎರಡು ಪದ್ಧತಿಯಂತೆ ಟ್ಯಾಂಕಿನ ಮೇಲೆ ಇಳಿದು ಗರಿ ತೀಡಿಕೊಳ್ಳತೊಡಗಿದವು.

ಸಂಜೆಯೊಳಗೆ ಮೊದಲ ಮರಿ ಹೊರಬಂತು, ಮರುದಿನ ಎರಡನೆಯದು. ಮೊದಲ ವಾರ ಗಂಡು ಹೆಣ್ಣುಗಳೆರಡೂ ಗಂಟಲಚೀಲದಲ್ಲಿ ಉತ್ಪತ್ತಿಯಾಗುವ ಹಾಲನ್ನು ಮರಿಗೆ ಕಕ್ಕಿ ಉಣಿಸುವುದರಿಂದ ಆ ದಿನಗಳಲ್ಲಿ ಯಾವುದನ್ನೂ ದೂರಕ್ಕೆ ಕಳಿಸಲಿಲ್ಲ. ಮರಿಗಳಿಗೆ ಗರಿಮುಳ್ಳು ಮೂಡಿದ ಮೇಲೆ ಕುಮಟಾದಿಂದ ಬಿಟ್ಟಾಗಲೂ ಗಂಡು ಚೆನ್ನಾಗಿಯೇ ಬಂತು. ಮರಿಗಳು ಖಾನೆ ಬಿಟ್ಟು ನೆಲಕ್ಕಿಳಿದ ವಾರ ಅದು ಮತ್ತೆ ಟ್ಯಾಂಕಿನ ಮೇಲೆ ಕಾಣಿಸಿಕೊಂಡಿತು.

ಇದಕ್ಕೆ ಪರಿಹಾರ ಬೆಲ್ಜಿಯಂನವರ ವಿಡೋಹುಡ್ ಪದ್ಧತಿಯೇ ಎಂಬುದು ಹಿರಿಯರ ಪಟ್ಟು: ಗಂಡು ಹೆಣ್ಣುಗಳನ್ನು ವಾರವಿಡೀ ಬೇರೆ ಬೇರೆ ಇಟ್ಟು, ಬುಟ್ಟಿಗೆ ಹಾಕುವ ಮುನ್ನ ಕೆಲವು ನಿಮಿಷ ಮಾತ್ರ ಹೆಣ್ಣನ್ನು ತೋರಿಸಿ, ಹಾರಿ ಬಂದ ಮೇಲೆ ಒಟ್ಟಿಗೆ ಬಿಡುವುದು. ಪ್ರತಿ ವಾರವೂ ನಡೆಯುವ ಉಪಾಯವಿದು, ಮೊಟ್ಟೆಯ ದಿನ ಎಣಿಸುತ್ತ ಕೂರಬೇಕಾಗಿಲ್ಲ. ಆದರೆ ಅದಕ್ಕೆ ಪರಸ್ಪರ ಕಾಣದಂಥ ಎರಡು ಗೂಡು ಬೇಕು, ನಮ್ಮ ತಾರಸಿಯಲ್ಲಿ ಜಾಗವಿಲ್ಲ. ಒಟ್ಟಿಗೆ ಕೂಡಿಟ್ಟ ಹೆಣ್ಣುಗಳು ತಮ್ಮತಮ್ಮಲ್ಲೇ ಜೋಡಿಯಾಗಿ ಬರಿದೇ ಮೊಟ್ಟೆ ಇಡತೊಡಗುವ ತಲೆನೋವು ಬೇರೆ. ನನಗಂತೂ ಗೂಡು ಕಟ್ಟಿಸಿ ಮರಿ ಮಾಡಿಸಿ ಹಾರಿಸುವ ಹಳೆಯ ಕ್ರಮವೇ ಹಿತ. ಆ ವಾದ ಇತ್ಯರ್ಥವಾಗುವ ಮೊದಲೇ ಜೋಡಿ ಎರಡನೆಯ ಸಲ ಮೊಟ್ಟೆ ಇಟ್ಟಿತು. ಭಟ್ಕಳದ ಟಾಸ್‌ಗೆ, ನೇರದೂರ ಸುಮಾರು 100 ಕಿಲೋಮೀಟರ್, ಕಾವು ಹತ್ತು ದಿನ ದಾಟಿದ ಕೆಂಪು ಚೆಕ್ಕರ್ ಹೆಣ್ಣನ್ನೇ ಕಳಿಸುವುದೆಂದು ಇಬ್ಬರೂ ಒಪ್ಪಿದೆವು. ಗಂಡು ಅವತ್ತು ಮನೆಯಲ್ಲೇ ಉಳಿಯಿತು.